ಹತ್ತನೇ ಕ್ಲಾಸಿನ ಬೀಳ್ಕೊಡುಗೆಯಲ್ಲಿ ತಮಾಷೆ ಉಡುಗೊರೆ: ಫಿಶ್ ಪಾಂಡ್ ಇರಲಾ, ಬೇಡವಾ?

ಕನ್ನಡ_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಫೆಬ್ರವರಿ ಕೊನೆಗೆ ನಮ್ಮಲ್ಲಿ ಶಾರದಾ ಪೂಜೆ, ಅದೇ ದಿನ ಹತ್ತನೇ ಕ್ಲಾಸಿನವರಿಗೆ ಬೀಳ್ಕೊಡುಗೆ. ಒಂಬತ್ತನೆಯವರದ್ದೇ ಎಲ್ಲ ಓಡಾಟ. ಪುಳಿಯೋಗರೆ, ಕೇಸರಿಬಾತು, ಬಣ್ಣದ ಕಾಗದ, ಮೈಕ್ ಸೆಟ್. ಹತ್ತನೆಯವರು ದುಡ್ಡು ಹಾಕಿ ಶಾಲೆಗೆ ಗೋಡೆ ಗಡಿಯಾರವನ್ನೋ ಕುರ್ಚಿಯನ್ನೋ ಕೊಡುತ್ತಾರೆ. ನಾನು ಕೇಳಬೇಕಾಗಿರೋದು ಊಟ ಆದಮೇಲೆ ನಡೆಯುವ ಫಿಶ್ ಪಾಂಡ್ ಬಗ್ಗೆ.

ನೋಡದೇ ಇರುವವರಿಗೆ ಹೇಳುತ್ತೇನೆ. ವಾರದ ಮುಂಚೆ ಒಂದು ಡಬ್ಬಿ ಇಡುತ್ತಾರೆ. ಯಾರ ಬಗ್ಗೆ ಬೇಕಾದರೂ ಚೀಟಿ ಬರೆದು ಹಾಕಬಹುದು, ಬರೆದವರ ಹೆಸರು ಬೇಕಿಲ್ಲ. ಆ ದಿನ ಒಬ್ಬೊಬ್ಬರನ್ನೇ ಸ್ಟೇಜಿಗೆ ಕರೆದು ಚೀಟಿ ಓದುತ್ತಾರೆ, ಜೊತೆಗೆ ಪೇಪರ್ ಸುತ್ತಿದ ಒಂದು ಗಂಟು ಕೊಡುತ್ತಾರೆ. ಪದರ ಪದರವಾಗಿ ಬಿಚ್ಚುತ್ತಾ ಹೋದರೆ ಕೊನೆಗೆ ಬಾಚಣಿಗೆಯೋ ಸೀಮೆಸುಣ್ಣವೋ ಸಿಗುತ್ತದೆ. ಮಾತಿನಮಲ್ಲನಿಗೆ ಬೀಗ, ನಿದ್ದೆ ಹೊಡೆಯುವವನಿಗೆ ಪುಟ್ಟ ದಿಂಬು.

ಕಳೆದ ವರ್ಷ ಸ್ವಲ್ಪ ದಪ್ಪ ಇರುವ ಹುಡುಗನೊಬ್ಬನ ಗಂಟಿನಲ್ಲಿ ತೂಕದ ಕಲ್ಲು ಇತ್ತು. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಗ್ರೂಪ್ ಫೋಟೋಗೆ ಬರಲೇ ಇಲ್ಲ. ಹಾಗಾಗಿ ಈ ಸಲ ಫಿಶ್ ಪಾಂಡ್ ನಿಲ್ಲಿಸಿಬಿಡೋಣ ಅಂತ ಸ್ಟಾಫ್ ಮೀಟಿಂಗಿನಲ್ಲಿ ಮಾತು ಬಂದಿದೆ.

ನನಗೆ ಪೂರ್ತಿ ನಿಲ್ಲಿಸೋಕೆ ಮನಸ್ಸಿಲ್ಲ. ಪ್ರಬಂಧ ಬರೆಯಿರಿ ಅಂದರೆ ಗೈಡ್ ತೆಗೆಯುವ ಮಕ್ಕಳು ಈ ಚೀಟಿಗೆ ಪ್ರಾಸ ಹುಡುಕುತ್ತಾರೆ, ಗಾದೆ ತಿರುಚುತ್ತಾರೆ, ಬಂದು ನನ್ನನ್ನೇ ಕೇಳುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ ಅಂತ ತಿಂಗಳುಗಟ್ಟಲೆ ಹಿಂಡಿದ ಮೇಲೆ ಅವರಿಗೆ ಒಂದು ಮಧ್ಯಾಹ್ನ ನಗೋಕೆ ಸಿಗಬೇಕು ಅಲ್ವಾ? ಯಾರಿಗೂ ನೋವಾಗದ ಹಾಗೆ ಇದನ್ನು ಹೇಗೆ ನಡೆಸಬಹುದು? ನಿಮ್ಮ ಶಾಲೆಗಳಲ್ಲಿ ಏನು ಮಾಡುತ್ತಿದ್ದಿರಿ?

ಧಾರವಾಡದಂವ

ಮೇಡಂ, ದಯವಿಟ್ಟು ನಿಲ್ಲಿಸಬ್ಯಾಡ್ರಿ. ನಮ್ಮ ಕ್ಲಾಸಿನ ಅರ್ಧ ಮಂದಿ ಹೆಸರು ನನಗೆ ನೆನಪಿರೋದೇ ಅವರಿಗೆ ಕೊಟ್ಟ ಸಾಮಾನಿನಿಂದ. ನಾನು ಮೂರು ವರ್ಷ ದಿನಾ ಪೆನ್ ಮರೆತು ಬಂದು ಪಕ್ಕದವನ ಹತ್ತಿರ ಬೇಡಿದವನು. ಬೀಳ್ಕೊಡುಗೆ ದಿನ ನನ್ನ ಗಂಟಿನಲ್ಲಿ ರೀಫಿಲ್ ಮುಗಿದ ಪೆನ್ನುಗಳ ಒಂದು ಕಟ್ಟು ಇತ್ತು, ರಬ್ಬರ್ ಬ್ಯಾಂಡ್ ಹಾಕಿ. ಎಲ್ಲ ನಾನೇ ಇಸ್ಕೊಂಡು ಖಾಲಿ ಮಾಡಿದ ಪೆನ್ನು. ಅವನು ಒಂದನ್ನೂ ಬಿಸಾಡದೆ ಎತ್ತಿಟ್ಟಿದ್ದ. ಮಧ್ಯದಲ್ಲಿ ಒಂದೇ ಒಂದು ಹೊಸ ಪೆನ್ನು, ಅದಕ್ಕೆ "ಪರೀಕ್ಷೆಗೆ" ಅಂತ ಚೀಟಿ ಅಂಟಿಸಿದ್ದ. ನಾನು ಎಸ್‌ಎಸ್‌ಎಲ್‌ಸಿ ಗಣಿತ ಬರೆದದ್ದು ಅದರಲ್ಲೇ.

ಇಂಥದ್ದನ್ನು ಅಂಗಡಿಯಲ್ಲಿ ಕೊಳ್ಳೋಕೆ ಆಗುತ್ತಾ, ನೀವೇ ಹೇಳ್ರಿ.

ಮಳೆಬಿಲ್ಲು

ಧಾರವಾಡದವರೇ, ನಿಮಗೆ ಒಳ್ಳೆಯ ಗೆಳೆಯ ಸಿಕ್ಕಿದ್ದ. ನನಗೆ ಸಿಕ್ಕಿದ್ದು ಬಿಳಿ ಆಗೋ ಕ್ರೀಮಿನ ಒಂದು ಸಣ್ಣ ಸ್ಯಾಷೆ. ಚೀಟಿಯಲ್ಲಿ ಬರೆದದ್ದನ್ನು ಇಲ್ಲಿ ಹಾಕಲ್ಲ. ಓದಿದ್ದು ಮೈಕಿನಲ್ಲಿ, ಮುಂದಿನ ಸಾಲಿನಲ್ಲಿ ಮೇಷ್ಟ್ರುಗಳು ಕೂತಿದ್ದರು, ಪಿ.ಟಿ. ಮೇಷ್ಟ್ರು ಜೋರಾಗಿ ನಕ್ಕರು. ನಾನು ಆ ವರ್ಷ ಜಿಲ್ಲಾ ಮಟ್ಟದ ಖೋ ಖೋ ಆಡಿದ್ದೆ, ವಿಜ್ಞಾನದಲ್ಲಿ ಕ್ಲಾಸಿಗೇ ಜಾಸ್ತಿ ನಂಬರ್ ನನ್ನದು. ಮೂರು ವರ್ಷದಲ್ಲಿ ಅವರಿಗೆ ಕಂಡಿದ್ದು ನನ್ನ ಬಣ್ಣ ಒಂದೇನಾ ಅಂತ ಬಹಳ ದಿನ ಕೊರೆಯುತ್ತಿತ್ತು.

ಮೇಡಂ, ಆ ತೂಕದ ಕಲ್ಲಿನ ಹುಡುಗ ನಕ್ಕಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಸ್ಟೇಜ್ ಮೇಲೆ ನಿಲ್ಲಿಸಿದ ಮೇಲೆ ನಗದೆ ಇನ್ನೇನು ಮಾಡೋಕಾಗುತ್ತೆ? ನನ್ನ ವೋಟು ನಿಲ್ಲಿಸಿ ಅಂತಲೇ. ನಿಲ್ಲಿಸಲ್ಲ ಅಂದರೆ ಹೆಸರಿಲ್ಲದ ಚೀಟಿಯನ್ನಾದರೂ ನಿಲ್ಲಿಸಿ. ನನಗೆ ಇವತ್ತಿಗೂ ಅದನ್ನು ಬರೆದವರು ಯಾರು ಅಂತ ಗೊತ್ತಿಲ್ಲ, ಹಾಗಾಗಿ ಕ್ಲಾಸಿನ ರೀಯೂನಿಯನ್ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಮೇಲೂ ಅನುಮಾನ.

ಧಾರವಾಡದಂವ

ಅಕ್ಕಾ, ಓದಿ ಬೇಜಾರಾಯಿತು. ಇಂಥದ್ದನ್ನು ಓದೋಕೆ ಬಿಟ್ಟ ಮೇಷ್ಟ್ರದೇ ತಪ್ಪು. ಹೆಸರು ಬರೆಯಲೇಬೇಕು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ.

ಜರ್ಸಿ_ಅಮ್ಮ

ನಾವು ಇರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಗಳು ಇಲ್ಲಿಯ ಹೈಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಇಲ್ಲಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡು. ಹನ್ನೆರಡನೆಯವರನ್ನು ಸೀನಿಯರ್ಸ್ ಅಂತಾರೆ. ಅವರು ಹೊರಟುಹೋಗುವಾಗ "ಸೀನಿಯರ್ ವಿಲ್" ಬರೆಯುವ ಪದ್ಧತಿ ಬಹಳ ಶಾಲೆಗಳಲ್ಲಿದೆ. ಆಸ್ತಿ ವಿಲ್ ಇರುತ್ತಲ್ಲ, ಅದೇ ಧಾಟಿ. "ಸ್ವಸ್ಥ ಮನಸ್ಸಿನಿಂದ ನಾನು ಇಂಥವರಿಗೆ ಇಂಥದ್ದನ್ನು ಬಿಟ್ಟು ಹೋಗುತ್ತಿದ್ದೇನೆ" ಅಂತ ಶುರು. ಶಾಲೆಯ ಪತ್ರಿಕೆಯ ಕೊನೆ ಸಂಚಿಕೆಯಲ್ಲಿ ಹಾಕುತ್ತಾರೆ, ಕೆಲವು ಕಡೆ ಟೀಮಿನವರು, ಆರ್ಕೆಸ್ಟ್ರಾದವರು ತಮ್ಮ ತಮ್ಮೊಳಗೆ ಕೂತು ಓದುತ್ತಾರೆ. ಹಳೇ ಪದ್ಧತಿ ಇದು. ಇಪ್ಪತ್ತನೇ ಶತಮಾನದ ಶುರುವಿನ ಶಾಲಾ ವಾರ್ಷಿಕ ಪುಸ್ತಕಗಳಲ್ಲೂ ಕ್ಲಾಸಿನ ಚರಿತ್ರೆ, ಕ್ಲಾಸಿನ ಭವಿಷ್ಯ, ಕ್ಲಾಸಿನ ವಿಲ್ ಮೂರೂ ಒಟ್ಟಿಗೆ ಅಚ್ಚಾಗಿರೋದನ್ನು ನೋಡಬಹುದು.

ಬಿಟ್ಟು ಹೋಗೋದು ಏನು ಅಂದರೆ ಪಾರ್ಕಿಂಗ್ ಜಾಗ, ಲಾಕರ್, ಕ್ಯಾಂಟೀನಿನಲ್ಲಿ ಕೂರುತ್ತಿದ್ದ ಟೇಬಲ್ಲು, ಲೇಟಾಗಿ ಬಂದರೂ ಬೈಸಿಕೊಳ್ಳದ ಕಲೆ. ಹೋದ ವರ್ಷ ನನ್ನ ಮಗಳಿಗೆ ಆರ್ಕೆಸ್ಟ್ರಾದ ಒಬ್ಬ ಸೀನಿಯರ್ ಹುಡುಗಿ ತುಂಡಾದ ವಯೋಲಾ (ಪಿಟೀಲಿನಂಥ ವಾದ್ಯ) ತಂತಿ ಒಂದನ್ನು ಕವರಿನಲ್ಲಿ ಹಾಕಿ ಕೊಟ್ಟಳು. ಕಛೇರಿಯ ಮಧ್ಯದಲ್ಲಿ ಅವಳ ತಂತಿ ಹರಿದಿತ್ತಂತೆ, ಉಳಿದ ಮೂರು ತಂತಿಯಲ್ಲೇ ಮುಗಿಸಿದ್ದಳಂತೆ. "ಇದು ನಿನಗೆ. ಜೊತೆಗೆ ಎ.ಸಿ. ಗಾಳಿ ನೇರವಾಗಿ ಕುತ್ತಿಗೆಗೆ ಹೊಡೆಯುವ ನನ್ನ ಕುರ್ಚಿಯೂ ನಿನಗೆ. ಸ್ವೆಟರ್ ನಿನ್ನದೇ ತಂದುಕೋ" ಅಂತ ಬರೆದಿದ್ದಳು. ಮಗಳು ಆ ಕವರನ್ನು ಪೆಟ್ಟಿಗೆಯೊಳಗೆ ಅಂಟಿಸಿಕೊಂಡಿದ್ದಾಳೆ.

ನಾನೂ ತುಮಕೂರಿನಲ್ಲಿ ಫಿಶ್ ಪಾಂಡ್ ನೋಡಿ ಬೆಳೆದವಳೇ. ಎರಡನ್ನೂ ನೋಡಿದ ಮೇಲೆ ನನಗೆ ಕಾಣುವ ವ್ಯತ್ಯಾಸ ಒಂದೇ. ಫಿಶ್ ಪಾಂಡಿನಲ್ಲಿ ಕೊಡುವವನು ಬಚ್ಚಿಟ್ಟುಕೊಂಡು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾನೆ. ವಿಲ್‌ನಲ್ಲಿ ಕೊಡುವವನು ತನ್ನದನ್ನು ಕೊಡಬೇಕು. ತನ್ನ ಕುರ್ಚಿ, ತನ್ನ ಸೋಮಾರಿತನ, ತನ್ನ ಹರಿದ ತಂತಿ. ನಗು ಮೊದಲು ಅವನ ಮೇಲೇ ಬೀಳುತ್ತೆ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಒಳಗೊಳಗಿನ ಜೋಕು ತುಂಬಿ, ಕೆಲವರನ್ನು ಚುಚ್ಚಿ, ಇನ್ನು ಕೆಲವರ ಹೆಸರೇ ಬರದೆ ಗಲಾಟೆಯಾಗಿ ಇದನ್ನು ಬಿಟ್ಟ ಶಾಲೆಗಳೂ ಇವೆ. ಅಚ್ಚು ಹಾಕುವ ಕಡೆ ಟೀಚರ್ ಒಬ್ಬರು ಓದಿಯೇ ಬಿಡುತ್ತಾರೆ.

ಕನ್ನಡ_ಮೇಡಂ

ಜರ್ಸಿ ಅಮ್ಮ, ಇದು ಬಹಳ ಉಪಯೋಗಕ್ಕೆ ಬರುತ್ತೆ. ತನ್ನದನ್ನೇ ಕೊಡಬೇಕು ಅಂತ ಒಂದು ನಿಯಮ ಇಟ್ಟರೆ ತೂಕದ ಕಲ್ಲು, ಕ್ರೀಮು ಎರಡೂ ತಾನಾಗಿಯೇ ಹೋಗುತ್ತೆ. ನಮ್ಮಲ್ಲಿ ಪಾರ್ಕಿಂಗ್ ಇಲ್ಲ, ಲಾಕರ್ ಇಲ್ಲ. ಆದರೆ ಬೆಂಚು ಇದೆ, ಬಸ್ಸಿನ ಸೀಟು ಇದೆ. ಹತ್ತನೆಯವರು ಒಬ್ಬರಿಗೊಬ್ಬರು ಮತ್ತು ಒಂಬತ್ತನೆಯವರಿಗೂ ಕೊಟ್ಟು ಹೋಗಬಹುದು. ಮಳೆಬಿಲ್ಲು ಅವರೇ, ಹೀಗೆ ಮಾಡಿದರೆ ನಿಮಗೆ ಏನನ್ನಿಸುತ್ತೆ? ನಿಮ್ಮ ಮಾತು ನನಗೆ ಮುಖ್ಯ.

ಮಳೆಬಿಲ್ಲು

ಕೇಳೋಕೆ ಚೆನ್ನಾಗಿದೆ. ಆದರೆ ಮಕ್ಕಳು ಚುರುಕು. "ನನ್ನ ಪೌಡರ್ ಡಬ್ಬಿಯನ್ನು ಇವಳಿಗೆ ಬಿಟ್ಟು ಹೋಗುತ್ತೇನೆ" ಅಂತ ಬರೆದರೆ? ವಸ್ತು ಅವರದ್ದೇ, ಚುಚ್ಚಿದ್ದು ನನ್ನನ್ನೇ.

ಬಿಕ್ಕಲಂ

ನಾನು ಪತ್ರ ಬರಹಗಾರ. ತಾಲ್ಲೂಕು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಕ್ರಯಪತ್ರ, ಭೋಗ್ಯಪತ್ರ ಬರೆಯೋದು ಕಸುಬು. ಈ ಚರ್ಚೆ ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಮೇಡಂ, ವಿಲ್ ಮಾಡಿಸಬೇಡಿ. ಒಂದು, ವಿಲ್ ಜಾರಿಗೆ ಬರೋದು ಬರೆದವರು ತೀರಿಕೊಂಡ ಮೇಲೆ. ಶಾರದಾ ಪೂಜೆ ದಿನ ಮಕ್ಕಳ ಕೈಲಿ ಅದನ್ನು ಓದಿಸಿದರೆ ಮನೆಯವರು ಮುಖ ಸಿಂಡರಿಸುತ್ತಾರೆ. ಎರಡು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಪ್ರಾಪ್ತರು ವಿಲ್ ಬರೆಯೋ ಹಾಗಿಲ್ಲ. ಮಕ್ಕಳಿಗೆ ಬೇಕಾಗಿರೋದು ದಾನಪತ್ರ. ಅಪ್ರಾಪ್ತರು ಬರೆದರೆ ಕಾನೂನಿನಲ್ಲಿ ಅದೂ ನಿಲ್ಲೋದಿಲ್ಲ, ಇದು ಆಟಕ್ಕೆ ಮಾತ್ರ. ಆದರೆ ದಾನದಲ್ಲಿ ಕೊಡೋದೂ ತಗೊಳ್ಳೋದೂ ಇಬ್ಬರೂ ಬದುಕಿರುವಾಗಲೇ ಆಗುತ್ತೆ.

ಮಳೆಬಿಲ್ಲು ಮೇಡಂ ಕೇಳಿದ್ದಕ್ಕೂ ಅದರಲ್ಲೇ ಉತ್ತರ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, 122ನೇ ಕಲಂ. ಕೊಡುವವನು ಕೊಟ್ಟ ಮಾತ್ರಕ್ಕೆ ದಾನ ಆಗೋದಿಲ್ಲ, ತಗೊಳ್ಳುವವನು ಒಪ್ಪಬೇಕು. ನಾವು ಬರೆಯುವ ಪತ್ರದಲ್ಲಿ ದಾನ ಪಡೆದವರ ಸಹಿಯನ್ನೂ ಹಾಕಿಸುತ್ತೇವೆ. ಪೂಜೆಗೆ ಎರಡು ದಿನ ಮುಂಚೆ ಪತ್ರವನ್ನು ಪಡೆಯುವ ಮಗುವಿಗೆ ಮಾತ್ರ ತೋರಿಸಿ. "ಒಪ್ಪಿದ್ದೇನೆ" ಅಂತ ಸಹಿ ಹಾಕಿದರೆ ಮಾತ್ರ ಮೈಕಿನಲ್ಲಿ ಓದಿ. ಹಾಕದಿದ್ದರೆ ಯಾಕೆ ಅಂತ ಕೇಳಬೇಡಿ, ಹರಿದು ಹಾಕಿ.

ನಮೂನೆ ಕಳಿಸಿದ್ದೇನೆ. ಬೆಂಚಿಗೆ ಹೀಗೆ ಬರೆಯಬಹುದು (ಷೆಡ್ಯೂಲು ಅಂದರೆ ಸ್ವತ್ತಿನ ವಿವರ, ಚಕ್ಕುಬಂದಿ ಅಂದರೆ ಅದರ ನಾಲ್ಕು ದಿಕ್ಕಿನ ಗಡಿ):

"ಹತ್ತನೇ ತರಗತಿ ಎ ವಿಭಾಗದ ನಾನು, ಸ್ವಇಚ್ಛೆಯಿಂದ, ಪೂರ್ಣ ಪ್ರಜ್ಞೆಯಿಂದ, ಯಾರ ಬಲವಂತಕ್ಕೂ ಒಳಗಾಗದೆ, ಒಂಬತ್ತನೇ ತರಗತಿಯ ನಿನಗೆ ಬರೆದುಕೊಟ್ಟ ದಾನಪತ್ರದ ಕ್ರಮವೇನೆಂದರೆ: ಈ ಕೆಳಗಿನ ಷೆಡ್ಯೂಲು ಸ್ವತ್ತು ಎಂಟನೇ ತರಗತಿಯಿಂದ ನನ್ನ ಅನುಭವದಲ್ಲಿದ್ದು, ಇದರ ಮೇಲೆ ಯಾವುದೇ ಸಾಲ, ಜಪ್ತಿ, ತಕರಾರು ಇರುವುದಿಲ್ಲ. ಇನ್ನು ಮುಂದೆ ನೀನೇ ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಷೆಡ್ಯೂಲು: ಹಿಂದಿನ ಸಾಲಿನ ಬೆಂಚು ಒಂದು. ಚಕ್ಕುಬಂದಿ: ಪೂರ್ವಕ್ಕೆ ಕೊಕ್ಕೆ ಇಲ್ಲದ ಕಿಟಕಿ, ಪಶ್ಚಿಮಕ್ಕೆ ಓಡಾಡುವ ದಾರಿ, ಉತ್ತರಕ್ಕೆ ಮುಂದಿನ ಬೆಂಚಿನವನ ಎತ್ತರವಾದ ಬೆನ್ನು, ದಕ್ಷಿಣಕ್ಕೆ ಹಿಂಗೋಡೆ."

ಕೆಳಗೆ ಇಬ್ಬರು ಸಾಕ್ಷಿಗಳ ಸಹಿ. ಕೊನೆಗೆ ಬಿಕ್ಕಲಂ, ಅಂದರೆ ಬರೆದವರ ಹೆಸರು. ಛಾಪಾ ಕಾಗದ ಬೇಕಾಗಿಲ್ಲ.

ಜರ್ಸಿ_ಅಮ್ಮ

ಅಯ್ಯೋ ಸರ್, ಇದನ್ನು ಮಗಳಿಗೆ ಓದಿ ಹೇಳಿದೆ. ಚಕ್ಕುಬಂದಿ ಅಂದರೆ ಏನು ಅಂತ ವಿವರಿಸಿದ ಮೇಲೆ ತನ್ನ ಕುರ್ಚಿಗೂ ಒಂದು ಬರೆದುಕೊಡು ಅಂತ ಹಿಂದೆ ಬಿದ್ದಿದ್ದಾಳೆ. ಮುಂದಿನ ವರ್ಷ ಅವಳೇ ಸೀನಿಯರ್.

ನಿವೃತ್ತ_ಹೆಡ್‌ಮೇಷ್ಟ್ರು

ಬಿಕ್ಕಲಂ ಅವರ ಸಲಹೆ ಬಹಳ ಸೊಗಸಾಗಿದೆ. ನಾನು ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ನೋವಿನ ಬಗ್ಗೆ ಹೇಳಿದ್ದೀರಿ, ಸರಿ. ನಾನು ನನ್ನ ಸರ್ವೀಸಿನಲ್ಲಿ ಜಾಸ್ತಿ ನೋಡಿದ್ದು ಇನ್ನೊಂದನ್ನು. ಡಬ್ಬಿ ತೆರೆದರೆ ಹತ್ತು ಹನ್ನೆರಡು ಮಕ್ಕಳ ಹೆಸರೇ ಮತ್ತೆ ಮತ್ತೆ ಬರುತ್ತದೆ. ಕ್ಲಾಸ್ ಲೀಡರು, ತಂಟೆಕೋರ, ಚೆನ್ನಾಗಿ ಹಾಡುವವಳು. ದಿನಾ ಆರು ಕಿಲೋಮೀಟರ್ ನಡೆದು ಬಂದು, ಸದ್ದಿಲ್ಲದೆ ಕೂತು, ಸದ್ದಿಲ್ಲದೆ ಹೋಗುವ ಮಗುವಿಗೆ ಒಂದು ಚೀಟಿಯೂ ಇರೋದಿಲ್ಲ. ಸಂಜೆ ಕಾಗದ ಗುಡಿಸುವಾಗ ಆ ಮಗು ತನ್ನ ಹೆಸರಿನ ಚೀಟಿ ಎಲ್ಲಾದರೂ ಬಿದ್ದಿದೆಯಾ ಅಂತ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಮಾಡಿ ಮೇಡಂ. ಪ್ರತಿ ಮಗುವಿಗೂ ಒಂದು ಪತ್ರ ಬಂದೇ ಬರಬೇಕು. ಹೆಸರು ಚೀಟಿ ಎತ್ತಿಸಿ, ಯಾರಿಗೆ ಯಾರು ಬಂದರೋ ಅವರಿಗೆ ಒಂದು ಕಡ್ಡಾಯ. ಅದರ ಮೇಲೆ ಗೆಳೆಯರಿಗೆ ಎಷ್ಟು ಬೇಕಾದರೂ ಬರೆದುಕೊಳ್ಳಲಿ. ಒಂದು ತಿಂಗಳ ಟೈಮ್ ಕೊಡಿ, ಆಗ ಗೊತ್ತಿಲ್ಲದವರ ಬಗ್ಗೆ ಗೊತ್ತು ಮಾಡಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಏನೂ ತರೋ ಹಾಗಿಲ್ಲ ಅಂತಲೂ ಹೇಳಿ. ಬಡವರ ಮಕ್ಕಳಿಗೆ ಇಪ್ಪತ್ತು ರೂಪಾಯಿಯೂ ಭಾರ.

ಓಸ್ಲೋ_ಕನ್ನಡಿಗ

ನಾರ್ವೆಯಿಂದ ಒಂದು ಸಣ್ಣ ಮಾಹಿತಿ. ಇಲ್ಲಿ ಪಿಯುಸಿ ಮಟ್ಟ ಮುಗಿಸುವ ಹುಡುಗರನ್ನು ರುಸ್ ಅಂತಾರೆ. ಮೇ 17 ಇಲ್ಲಿಯ ರಾಷ್ಟ್ರೀಯ ದಿನ. ಅಲ್ಲಿಯವರೆಗೆ ಬಹಳ ಮಂದಿ ಕೆಂಪು ಪ್ಯಾಂಟು ಹಾಕಿಕೊಂಡು ಓಡಾಡುತ್ತಾರೆ. ಒಬ್ಬೊಬ್ಬರದ್ದೂ ವಿಸಿಟಿಂಗ್ ಕಾರ್ಡಿನ ಹಾಗೆ ಅಚ್ಚು ಹಾಕಿದ ಕಾರ್ಡು ಇರುತ್ತೆ, ಫೋಟೋ, ಹೆಸರು, ತನ್ನ ಬಗ್ಗೆಯೇ ಒಂದು ತಮಾಷೆ ಸಾಲು. ಗೆಳೆಯರಿಗೆ ಹಂಚುತ್ತಾರೆ, ಅಕ್ಕಪಕ್ಕದ ಚಿಕ್ಕ ಮಕ್ಕಳೆಲ್ಲ ಅವರ ಹಿಂದೆ ಓಡಿ ಕಾರ್ಡು ಕೇಳಿ ಕೂಡಿಹಾಕುತ್ತಾರೆ. ನನ್ನ ಮಗನ ಹತ್ತಿರ ಒಂದು ಡಬ್ಬಿ ತುಂಬ ಇದೆ. ಇಲ್ಲೂ ಜೋಕು ತನ್ನ ಮೇಲೆಯೇ ಅನ್ನೋದನ್ನು ಗಮನಿಸಿ.

ಪಿಯುಸಿ_ಸೈನ್ಸ್

ನಾನು ಕಳೆದ ವರ್ಷ ತಾನೇ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ದೊಡ್ಡವರಿಗೆ ಗೊತ್ತಿರಲಿ ಅಂತ ಹೇಳ್ತಿದ್ದೇನೆ. ಶಾಲೆಯಲ್ಲಿ ಫಿಶ್ ಪಾಂಡ್ ನಿಲ್ಲಿಸಿದರೆ ಅದು ಇನ್‌ಸ್ಟಾಗ್ರಾಮಿಗೆ ಹೋಗುತ್ತೆ. ನಮ್ಮ ಶಾಲೆಯಲ್ಲಿ ನಿಲ್ಲಿಸಿದ್ದರು. ಯಾರೋ ಹೆಸರಿಲ್ಲದ ಒಂದು ಅಕೌಂಟ್ ಮಾಡಿ ಹುಡುಗಿಯರ ಬಗ್ಗೆ ಒಂದೊಂದು ಸಾಲು ಹಾಕಿದರು. ಚೀಟಿಯಾಗಿದ್ದರೆ ಸಂಜೆಗೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಇದು ಪರೀಕ್ಷೆ ಮುಗಿಯುವ ತನಕ ಎಲ್ಲರ ಫೋನಿನಲ್ಲಿತ್ತು. ಅದಕ್ಕೇ ಮೇಡಂ, ನಿಲ್ಲಿಸಬೇಡಿ, ನೀವು ಎದುರಿಗೇ ಇದ್ದು ಮಾಡಿಸಿ.

ಇನ್ನೊಂದು. ಟೀಚರ್‌ಗಳೂ ಬರೆಯಲಿ. ನಮ್ಮ ಗಣಿತ ಮೇಷ್ಟ್ರು ಬೋರ್ಡು ಒರೆಸೋ ಡಸ್ಟರ್ ನಮಗೇ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅದರಲ್ಲಿ ಎಷ್ಟು ಸಲ ಮೇಜು ಕುಟ್ಟಿದ್ದಾರೋ.

ಮಳೆಬಿಲ್ಲು

ಬಿಕ್ಕಲಂ ಸರ್, ಒಪ್ಪಿಗೆ ಸಹಿ ಇದೆ ಅಂದರೆ ನನ್ನ ವಿರೋಧ ಇಲ್ಲ. ಆವತ್ತು ನನ್ನನ್ನು ಯಾರಾದರೂ ಮೊದಲೇ ಕೇಳಿದ್ದರೆ ಸಾಕಿತ್ತು.

ಕನ್ನಡ_ಮೇಡಂ

ಪೂಜೆ ನಿನ್ನೆ ಆಯಿತು. ಮೊದಲು ನಿಮಗೇ ಹೇಳಬೇಕು ಅನ್ನಿಸಿತು, ಸ್ವಲ್ಪ ಉದ್ದ ಆದರೆ ಓದಿಕೊಳ್ಳಿ.

ಹೆಡ್‌ಮೇಷ್ಟ್ರು ಹೇಳಿದ ಹಾಗೆ ಹೆಸರು ಚೀಟಿ ಎತ್ತಿಸಿ ಒಂದು ತಿಂಗಳು ಕೊಟ್ಟೆವು. ಸಾಕ್ಷಿ ಸಹಿಗೆ ಮಕ್ಕಳು ಅಡುಗೆ ಅಕ್ಕನನ್ನೂ ಪ್ಯೂನ್ ಅಣ್ಣನನ್ನೂ ಹಿಡಿದರು. ಬಂದ ಪತ್ರಗಳಲ್ಲಿ ಎರಡಕ್ಕೆ ಸಹಿ ಬೀಳಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ, ಬರೆದವರು ಬೇರೆ ಬರೆದುಕೊಟ್ಟರು.

ಒಬ್ಬ ಹುಡುಗ ತನ್ನೂರಿನ ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಕೊಟ್ಟ. ಜೊತೆಗೆ ಬಸ್ ತಪ್ಪಿದ ದಿನ ಮೇಷ್ಟ್ರಿಗೆ ಹೇಳಲು ಮೂರು ಕಾರಣ, "ಎರಡನೆಯದು ಬಹಳ ಸವೆದಿದೆ, ಮಳೆಗಾಲದಲ್ಲಿ ಮಾತ್ರ ಬಳಸತಕ್ಕದ್ದು". ಇನ್ನೊಬ್ಬಳು ತನ್ನ ಕೈವಾರ ಕೊಟ್ಟಳು. "ಮೊನೆ ಬಾಗಿದೆ, ವೃತ್ತ ಎಳೆದರೆ ಕೋಳಿಮೊಟ್ಟೆ ಬರುತ್ತದೆ, ಆದರೂ ನನ್ನನ್ನು ಪಾಸ್ ಮಾಡಿಸಿದೆ." ಬಿಸಿಯೂಟಕ್ಕೆ ಸಂಬಂಧಿಸಿದ್ದೇ ಜಾಸ್ತಿ ಬಂತು. ಅಡುಗೆ ಅಕ್ಕನ ಹತ್ತಿರ ಎರಡನೇ ಸಲ ಸಾಂಬಾರು ಕೇಳುವ ಧೈರ್ಯ, ತಟ್ಟೆ ತೊಳೆಯುವಾಗ ನಲ್ಲಿ ಹತ್ತಿರದ ಮೊದಲನೇ ಜಾಗ, ಮೊಟ್ಟೆ ದಿನ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಅನ್ನುವ ಗುಟ್ಟು.

ಯಾವಾಗಲೂ ಸುಮ್ಮನಿರುವ ಒಬ್ಬ ಹುಡುಗಿ ಇದ್ದಾಳೆ. ಅವಳ ಹೆಸರು ಬಂದಿದ್ದು ಕ್ಲಾಸಿನ ದೊಡ್ಡ ತಂಟೆಕೋರನಿಗೆ. ಅವನು ಅವಳ ಬಗ್ಗೆ ಯಾರ್‍ಯಾರನ್ನೋ ಕೇಳಿ, ಅವಳು ದಿನಾ ಸ್ಕೂಲಿನ ಹಿಂದಿನ ದಾಸವಾಳಕ್ಕೆ ತನ್ನ ಬಾಟಲಿಯಲ್ಲಿ ಉಳಿದ ನೀರು ಹಾಕುತ್ತಾಳೆ ಅಂತ ತಿಳಿದುಕೊಂಡಿದ್ದ. "ನಾನು ತಪ್ಪು ಮಾಡಿದಾಗಲೆಲ್ಲ ಹೊರಗೆ ನಿಲ್ಲಿಸುತ್ತಿದ್ದ ಜಾಗ ಆ ದಾಸವಾಳದ ಪಕ್ಕದಲ್ಲೇ ಇದೆ. ನನ್ನ ಅನುಭವದಲ್ಲಿದ್ದ ಆ ಜಾಗವನ್ನು ನಿನಗೆ ಬರೆದುಕೊಟ್ಟಿದ್ದೇನೆ. ಗಿಡ ನೋಡಿಕೊಂಡಿದ್ದು ನೀನಾದರೂ ಕಾವಲು ಕಾದಿದ್ದು ನಾನು" ಅಂತ ಓದಿದ. ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮೂರು ವರ್ಷದಲ್ಲಿ ನೋಡಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಚಪ್ಪಾಳೆ ಬಿದ್ದಿದ್ದು ಯಾವುದಕ್ಕೆ ಗೊತ್ತಾ? ಕ್ಲಾಸ್ ಲೀಡರ್ ತನ್ನ ಮೊದಲನೇ ಬೆಂಚನ್ನು ಒಂಬತ್ತನೆಯ ಒಬ್ಬ ಹುಡುಗನಿಗೆ ಕೊಟ್ಟಿದ್ದ. ಅವನು ಮುಂಚೆ ಸಹಿ ಹಾಕಿದ್ದವನು ಸ್ಟೇಜಿಗೆ ಬಂದು ಮೈಕ್ ತಗೊಂಡು "ಸ್ವತ್ತನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಿದ್ದೇನೆ, ಮೇಷ್ಟ್ರ ಕೋಲಿಗೆ ಬಹಳ ಹತ್ತಿರವಿದೆ, ವಾಪಸ್ ಮಾಡುತ್ತಿದ್ದೇನೆ" ಅಂದ. ಮೇಷ್ಟ್ರುಗಳೂ ಎದ್ದು ನಿಂತು ಚಪ್ಪಾಳೆ ಹೊಡೆದರು.

ಪಿಯುಸಿ ಸೈನ್ಸ್, ನಿನ್ನ ಮಾತು ಮರೆಯಲಿಲ್ಲ ಪುಟ್ಟಿ. ಗಣಿತ ಮೇಷ್ಟ್ರು ಡಸ್ಟರ್ ಕೊಟ್ಟರು. ನಾನು ನನ್ನ ಕೆಂಪು ಪೆನ್ನು ಕೊಟ್ಟೆ.

ಗ್ರೂಪ್ ಫೋಟೋಗೆ ಎಲ್ಲರೂ ಬಂದರು.

ಬಿಕ್ಕಲಂ

ಸ್ಥಳ ಪರಿಶೀಲನೆ ಮಾಡಿದ ಆ ಹುಡುಗನನ್ನು ಓದು ಮುಗಿದ ಮೇಲೆ ನನ್ನ ಹತ್ತಿರ ಕಳಿಸಿ ಮೇಡಂ, ಇಂಥ ಎಚ್ಚರ ಇರುವವರು ನಮ್ಮ ಕೆಲಸಕ್ಕೆ ಬೇಕು. ಬಹಳ ಸಂತೋಷವಾಯಿತು.

ರಾಯಚೂರು_ಪ್ರೈಮರಿ

ಮೇಡಂ, ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಏಳನೇ ಕ್ಲಾಸಿನವರಿಗೂ ನಾವು ಬೀಳ್ಕೊಡುಗೆ ಮಾಡುತ್ತೇವೆ. ಅಷ್ಟು ಚಿಕ್ಕವರ ಕೈಲಿ ಈ ಪತ್ರದ ಭಾಷೆ ಬರೆಸಬಹುದಾ? ಫಾರಂ ಇದ್ದರೆ ಹಾಕಿ.

ಕನ್ನಡ_ಮೇಡಂ

ಬರೆಸಬಹುದು ಸರ್. ಏಳನೆಯವರಿಗೆ ಷೆಡ್ಯೂಲು ಮತ್ತು ಚಕ್ಕುಬಂದಿ ಎರಡೇ ಸಾಕು, ಉಳಿದದ್ದನ್ನು ನೀವೇ ಅಚ್ಚು ಹಾಕಿಸಿ ಖಾಲಿ ಜಾಗ ಬಿಡಿ. ದಿಕ್ಕು ಗೊತ್ತು ಮಾಡಿಕೊಳ್ಳೋಕೆ ಅವರನ್ನು ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗಿ, ಸಮಾಜ ವಿಜ್ಞಾನದ ಪಾಠವೂ ಆಗುತ್ತೆ. ಒಪ್ಪಿಗೆ ಸಹಿ ಮಾತ್ರ ತೆಗೆಯಬೇಡಿ. ಫಾರಂ ಫೋಟೋ ಸಂಜೆ ಹಾಕುತ್ತೇನೆ. ಒಂದು ಎ4 ಹಾಳೆಯಲ್ಲಿ ಎರಡು ಬರುತ್ತೆ, ಜೆರಾಕ್ಸ್ ಮಾಡಿಸಿ ಮಧ್ಯಕ್ಕೆ ಕತ್ತರಿಸಿಕೊಳ್ಳಿ.